ಕೋದಂಡಪ್ಪನ ಮನೆಗೆ ನಲ್ಲಿ ಬಂದದ್ದು

ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತನಾಗಿದ್ದ ಕೋದಂಡಪ್ಪ ಬೆಂಗಳೂರಿಗೆ ಹೋಗಿ ಹದಿನೈದು ದಿನ ಇದ್ದು ಬಂದ. ಹೋದದ್ದು ಮಂಡಿಯ ಯಜಮಾನರ ಕೆಲಸದ ಮೇಲೆ. ಆ ಕೆಲಸ ಆಗಲಿಲ್ಲ. ಆದರೆ ಅವನು ಬರಿಗೈಯಲ್ಲಿ ಬರಲಿಲ್ಲ, ಒಂದು ಶಬ್ದವನ್ನು ತಂದ. ಆ ಶಬ್ದ ‘ನಲ್ಲಿ’.

ನಮ್ಮ ಕಡೆ ಅದಕ್ಕೆ ಕೊಳಾಯಿ ಅಂತಾರೆ. ಕನ್ನಡದವರಿಗೂ ಕೊಳಾಯಿ, ತೆಲುಗಿನವರಿಗೂ ಕೊಳಾಯಿ, ಚಿನ್ನದ ಗಣಿಯ ತಮಿಳರಿಗೂ ಹೆಚ್ಚುಕಡಿಮೆ ಅದೇ. ಮೂರು ಭಾಷೆಯವರು ಜಗಳವಿಲ್ಲದೆ ಒಪ್ಪಿಕೊಂಡ ಶಬ್ದಗಳು ನಮ್ಮ ತಾಲ್ಲೂಕಿನಲ್ಲಿ ಬಹಳ ಇಲ್ಲ. ಆದರೆ ಕೋದಂಡಪ್ಪ ಬೆಂಗಳೂರಿನಲ್ಲಿ ಇಳಿದುಕೊಂಡಿದ್ದ ಮನೆಯವರು ಬೆಳಗ್ಗೆ ಎದ್ದ ತಕ್ಷಣ ನಲ್ಲಿ ಬಂತೇ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅದು ಅವನ ಕಿವಿಗೆ ಎಷ್ಟು ನಾಜೂಕಾಗಿ ಬಿತ್ತೆಂದರೆ, ಇಪ್ಪತ್ತೆಂಟು ವರ್ಷ ಕೊಳಾಯಿ ಕೊಳಾಯಿ ಎಂದು ಬದುಕಿದ್ದಕ್ಕೆ ನಾಚಿಕೆಯಾಯಿತು.

ಇಲ್ಲಿ ಎರಡು ವಿಷಯ ಹೇಳಿಬಿಡಬೇಕು. ತಮಿಳಿನಲ್ಲಿ ನಲ್ಲಿ ಎಂದರೆ ಕುರಿಯ ಕಾಲಿನ, ಒಳಗೆ ಮಜ್ಜೆ ತುಂಬಿದ ಮೂಳೆ. ತೆಲುಗಿನಲ್ಲಿ ನಲ್ಲಿ ಎಂದರೆ ತಿಗಣೆ. ಇವೆರಡೂ ಕೋದಂಡಪ್ಪನಿಗೆ ಗೊತ್ತಿಲ್ಲದ್ದಲ್ಲ. ಅವನ ಬೀದಿಯ ತುಂಬ ತೆಲುಗಿನವರು, ಹೆಂಡತಿಯ ಮನೆಮಾತೇ ತೆಲುಗು. ಆದರೆ ಹೊಸ ಶಬ್ದ ನಾಲಿಗೆಗೆ ಹತ್ತಿದವನಿಗೆ ಅದರ ಹಳೆಯ ನೆಂಟಸ್ತಿಕೆಗಳು ನೆನಪಿಗೆ ಬರುವುದಿಲ್ಲ.

ಹೆಂಡತಿ ಆದಿಲಕ್ಷ್ಮಿ ಚೊಚ್ಚಲ ಹೆರಿಗೆಗೆಂದು ಕ್ಯಾಸಂಬಳ್ಳಿ ಹತ್ತಿರದ ತವರಿಗೆ ಹೋಗಿದ್ದಳು. ಮಗುವಿಗೆ ಐದು ತಿಂಗಳು ತುಂಬಿ ಆರು ನಡೆಯುತ್ತಿದ್ದರೂ ಬಂದಿರಲಿಲ್ಲ. ಬೀದಿಯ ಕೊನೆಯಲ್ಲಿದ್ದ ಬಾವಿಯಿಂದ ದಿನಕ್ಕೆ ಹದಿನಾಲ್ಕು ಬಿಂದಿಗೆ ನೀರು ಹೊತ್ತು ಅವಳ ಸೊಂಟ ಸೋತಿತ್ತು. ಹೊರಡುವಾಗ ಬಸ್ಸಿನ ಕಿಟಕಿಯಿಂದ ಒಂದೇ ಮಾತು ಹೇಳಿದ್ದಳು: “ನೀರು ಮನೆಯೊಳಕ್ಕೆ ಬಂದ ದಿನ ನಾನೂ ಬತ್ತೀನಿ.” ಅವಳು ಕಡಿಮೆ ಮಾತಿನ ಹೆಂಗಸು. ಅಂಥವರ ಮಾತು ಬದಲಾಗುವುದಿಲ್ಲವೆಂಬುದು ಕೋದಂಡಪ್ಪನಿಗೆ ಗೊತ್ತಿತ್ತು. ಅವನು ಮಗುವನ್ನು ನೋಡಿದ್ದು ಎರಡೇ ಸಲ, ಎರಡು ಸಲವೂ ಅದು ಮಲಗಿತ್ತು.

ಆ ವರ್ಷ, ನಯಾಪೈಸೆ ಬಂದ ಮರುವರ್ಷ, ಬೀದಿಯ ಹಿಂದಿನ ಸಂದಿಯಲ್ಲಿ ನೀರಿನ ದೊಡ್ಡ ಪೈಪು ಹೂತರು. ದುಡ್ಡು ಕಟ್ಟಿದವರು ಅಲ್ಲಿಂದ ಮನೆಗೆ ಎಳೆದುಕೊಳ್ಳಬಹುದು, ಸಾಯಂಕಾಲ ಐದರಿಂದ ಆರರವರೆಗೆ ನೀರು. ಕೋದಂಡಪ್ಪ ಸೈಕಲ್ಲನ್ನು ಅರವತ್ತು ರೂಪಾಯಿಗೆ ಮಾರಿ, ಒಂದು ಭಾನುವಾರ ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿಗೆ ಹೋದ. ಪೈಪಿನ ಕೆಲಸಕ್ಕೆ ಗಣಿಯ ಫಿಟ್ಟರುಗಳನ್ನು ಬಿಟ್ಟರಿಲ್ಲ, ಅವರಲ್ಲೂ ಆರುಮುಗಂನನ್ನು ಬಿಟ್ಟರಿಲ್ಲ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರು.

ಆರುಮುಗಂ ತನ್ನ ಲೈನುಮನೆಯ ಬಾಗಿಲಲ್ಲಿ ಕೂತು ಕ್ಷೌರ ಮಾಡಿಕೊಳ್ಳುತ್ತಿದ್ದ. ಕೋದಂಡಪ್ಪ ತನಗೆ ಬರುವ ತಮಿಳನ್ನೆಲ್ಲ ಒಟ್ಟುಗೂಡಿಸಿ, ಮನೆಗೆ ಎರಡು ನಲ್ಲಿ ಬೇಕು, ಗಟ್ಟಿಯಾಗಿರಬೇಕು, ಅಡುಗೆಮನೆಗೊಂದು ಬಚ್ಚಲಿಗೊಂದು ಎಂದ. ಆರುಮುಗಂ ಕತ್ತಿಯನ್ನು ಗಲ್ಲದ ಮೇಲೇ ನಿಲ್ಲಿಸಿ ಯೋಚಿಸಿದ. ಅಡುಗೆಮನೆಗೆ ಮೂಳೆ ಸರಿ. ಬಚ್ಚಲಿಗೆ ಯಾಕೆ ಎಂಬುದು ತಿಳಿಯಲಿಲ್ಲ. ಆದರೆ ಬಂದವರನ್ನು ಅಂಥದ್ದೆಲ್ಲ ಕೇಳುವುದು ಮರ್ಯಾದೆಯಲ್ಲ. ಅರ್ಧ ಗಡ್ಡದಲ್ಲೇ ಎದ್ದು, ಇವನನ್ನು ಕರೆದುಕೊಂಡು ಹೋಗಿ ಕುರಿಮಾಂಸದ ಅಂಗಡಿಯ ಮುಂದೆ ನಿಲ್ಲಿಸಿದ.

ಫಿಟ್ಟರು ಸಾಮಾನನ್ನು ಇಲ್ಲಿ ಇಟ್ಟಿರಬೇಕು ಎಂದುಕೊಂಡು ಕೋದಂಡಪ್ಪ ಸುಮ್ಮನೆ ನಿಂತ. ಅಂಗಡಿಯವನು ಎರಡು ಮೂಳೆಗಳನ್ನು ಎಲೆಯಲ್ಲಿ ಸುತ್ತಿ ಕೈಗೆ ಕೊಟ್ಟ. ಇದನ್ನು ಗೋಡೆಗೆ ಕೂರಿಸುವವರು ಯಾರು ಎಂದು ಕೋದಂಡಪ್ಪ ಕೇಳಿದ. ಅಂಗಡಿಯವನು ಆರುಮುಗಂನ ಮುಖ ನೋಡಿದ. ಆರುಮುಗಂ ಆಕಾಶ ನೋಡಿದ. ಕೊನೆಗೆ ಕೋದಂಡಪ್ಪ ಮೂಳೆಯ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು, ಗಾಳಿಯಲ್ಲಿ ಏನನ್ನೋ ತಿರುಗಿಸಿ, ಬಾಯಲ್ಲಿ ಉಸ್ಸೆಂದು ನೀರು ಬಿಟ್ಟು ತೋರಿಸಿದ.

“ಕೊಳಾಯಿಯಾ ಸಾರ್,” ಎಂದ ಆರುಮುಗಂ. “ಅದನ್ನ ಮೊದಲೇ ಸೊಲ್ಲಬಾರದಾ.”

ಇನ್ನು ಮೇಲೆ ಕೊಳಾಯಿ ಎಂದೇ ಹೇಳಿ, ಈ ಶಬ್ದ ನಮ್ಮ ಕಡೆ ಆಗಿಬರುವುದಿಲ್ಲ ಎಂದು ಅವನು ಹಿತವಾಗಿ ಹೇಳಿದ. ಕೋದಂಡಪ್ಪ ನಕ್ಕ. ಗಣಿಯೊಳಗೆ ಇರುವವರಿಗೆ ಮೇಲಿನ ಭಾಷೆ ಎಲ್ಲಿಂದ ತಿಳಿಯಬೇಕು ಎಂದುಕೊಂಡ. ಮೂಳೆಗಳು ಆರುಮುಗಂನ ಮನೆಯಲ್ಲಿ ಉಳಿದವು.

ಕೆಲಸ ಮೂರು ಭಾನುವಾರ ನಡೆಯಿತು. ಸಂದಿಯಿಂದ ಅಡುಗೆಮನೆಗೆ ಇದ್ದದ್ದು ಇಪ್ಪತ್ತೆರಡು ಅಡಿ. ಆರುಮುಗಂ ತನ್ನ ಜೀವನವನ್ನೆಲ್ಲ ಏಳು ಸಾವಿರ ಅಡಿ ಆಳದಲ್ಲಿ ಪೈಪು ಜೋಡಿಸಿ ಕಳೆದವನು. ಅಲ್ಲಿ ಒಂದು ಜಾಯಿಂಟು ಸೋರಿದರೆ ನೂರು ಜನ ಮುಳುಗುತ್ತಾರೆ. ಆದ್ದರಿಂದ ಕೋದಂಡಪ್ಪನ ಬಚ್ಚಲಿನಲ್ಲೂ ಯಾರೂ ಮುಳುಗದಂತೆ ಏರ್ಪಾಡು ಮಾಡಿದ. ಅರ್ಧ ಇಂಚಿನ ಪೈಪು ನೋಡಿ, ಇದು ಮಕ್ಕಳು ಊದುವುದಕ್ಕೆ ಎಂದು ಪಕ್ಕಕ್ಕಿಟ್ಟು ಒಂದು ಇಂಚಿನದು ತರಿಸಿದ. ದಾರಿಯಲ್ಲಿ ನಾಲ್ಕು ವಾಲ್ವು ಕೂರಿಸಿದ. ಎರಡು ನಲ್ಲಿಗೆ ನಾಲ್ಕು ವಾಲ್ವು ಯಾಕೆ ಎಂದು ಕೋದಂಡಪ್ಪ ಕೇಳಿದಾಗ, ಒಂದು ಕೈಕೊಟ್ಟರೆ ಇನ್ನೊಂದು, ಅದೂ ಕೈಕೊಟ್ಟರೆ ಮತ್ತೊಂದು ಎಂದ. ನಾಲ್ಕನೆಯದು ಯಾಕೆ ಎಂದಾಗ ಇವನ ಕಡೆ ತಿರುಗಿ ನೋಡಿದ. ಭೂಮಿಯ ಹೊಟ್ಟೆಯಲ್ಲಿ ಇಪ್ಪತ್ತು ವರ್ಷ ಇದ್ದವನ ಆ ನೋಟದ ಮುಂದೆ ಕೋದಂಡಪ್ಪ ಜೇಬಿಗೆ ಕೈ ಹಾಕಿದ. ನಲವತ್ತು ರೂಪಾಯಿಗೆ ಮುಗಿಯಬೇಕಾದದ್ದು ಎಂಬತ್ತೇಳಕ್ಕೆ ಹೋಯಿತು. ಸೈಕಲ್ಲು ಸಾಲದೆ, ಗಡಿಯಾರವೂ ಹೋಯಿತು.

ಕೆಲಸವೆಲ್ಲ ಹಿತ್ತಿಲಲ್ಲಿ. ಬೀದಿಯವರಿಗೆ ಪೈಪು ಕಾಣಲಿಲ್ಲ, ಬರೀ ಬಡಿತ ಕೇಳಿಸಿತು. ಒಂದೇ ಗೋಡೆಯ ಆಚೆ ಇದ್ದವಳು ಕದಿರಮ್ಮ. ಐವತ್ತು ದಾಟಿದ ವಿಧವೆ, ಬೀದಿಯಲ್ಲಿ ನಡೆದದ್ದಕ್ಕೆಲ್ಲ ತಾನು ಜವಾಬ್ದಾರಳೆಂದು ತಿಳಿದವಳು. ಎರಡನೆಯ ಭಾನುವಾರದ ಮಾರನೆಯ ದಿನ ಅವಳು ಜಗಲಿಯ ಮೇಲೆ ಕೋದಂಡಪ್ಪನನ್ನು ತಡೆದು, ಏನಪ್ಪ ಅದು ಬಡಿತ ಎಂದು ಕೇಳಿದಳು.

“ನಲ್ಲಿ ಕದಿರಮ್ಮಕ್ಕ,” ಎಂದ ಕೋದಂಡಪ್ಪ. ಎದೆ ಸ್ವಲ್ಪ ಮುಂದೆ ಬಂದಿತ್ತು. “ಬೀದಿಗೆಲ್ಲ ನಮ್ಮ ಮನೆಗೇ ಮೊದಲು.”

ಕದಿರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಅದನ್ನು ಗೌರವ ಎಂದುಕೊಂಡ. ಉತ್ಸಾಹದಲ್ಲಿ ಇನ್ನೂ ಹೇಳಿದ: ಬರುವ ಭಾನುವಾರ ಸಾಯಂಕಾಲ ಪೂಜೆ, ನೀವು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ, ಒಂದು ವರ್ಷದೊಳಗೆ ಎಲ್ಲರ ಮನೆಗೂ ಬರುತ್ತದೆ, ನಿಮ್ಮದು ಪಕ್ಕದ ಮನೆಯಾದ್ದರಿಂದ ಬೇಕಾದರೆ ನಮ್ಮ ಗೋಡೆಯಲ್ಲೇ ಒಂದು ತೂತು ಮಾಡಿ ನಿಮ್ಮ ಕಡೆಗೆ ಬಿಟ್ಟುಕೊಡುತ್ತೇನೆ, ಒಂದು ಕಾಸೂ ಬೇಡ.

ಕದಿರಮ್ಮ ಒಳಗೆ ಹೋದಳು. ಅವಳು ಉತ್ತರ ಕೊಡದೆ ಹೋದದ್ದನ್ನು ಬೀದಿ ಅದುವರೆಗೆ ನೋಡಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳ ಮಂಚ ಹೊರಗೆ ಬಂತು. ಅದರ ಹಿಂದೆ ಹಾಸಿಗೆ, ದಿಂಬು, ಚಾಪೆ. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಮಂಚಗಳನ್ನು ಹೊರಗೆ ಹಾಕಿ ಅವುಗಳ ಸಂದುಗಳಿಗೆ ಕುದಿಯುವ ನೀರು ಸುರಿಯುತ್ತಿತ್ತು. ತಿಗಣೆ ಬಿದ್ದ ಮನೆಯಲ್ಲಿ ಮಂಚ ಬಡಿಯುವುದು ಎಲ್ಲರಿಗೂ ಗೊತ್ತು. ಎರಡು ವಾರ ಬಡಿದರೂ ಮುಗಿಯದಿದ್ದರೆ ಅವು ಎಷ್ಟಿರಬೇಕು ಎಂದು ಹೆಂಗಸರು ಬೆರಳು ಮಡಿಸಿ ಮಾತಾಡಿಕೊಂಡರು.

ಮಂಡಿಯಿಂದ ಬಂದ ಕೋದಂಡಪ್ಪ ಬೀದಿಯ ತುದಿಯಲ್ಲಿ ನಿಂತುಬಿಟ್ಟ. ಮನೆಮನೆಯ ಮುಂದೆ ತೊಳೆದ ಮಂಚ, ಗುಡಿಸಿದ ಅಂಗಳ, ಒಣಗಲು ಹಾಕಿದ ಕಂಬಳಿ. ತನ್ನ ನಲ್ಲಿಯ ಪೂಜೆಗೆಂದು ಊರು ಇಷ್ಟು ಸಡಗರ ಮಾಡುತ್ತದೆಂದು ಅವನು ಎಣಿಸಿರಲಿಲ್ಲ. ಕಣ್ಣು ಒದ್ದೆಯಾಯಿತು. ಅದೇ ಆವೇಶದಲ್ಲಿ ಮಾವ ಕೊಂಡಪ್ಪನಿಗೆ ಒಂದು ಕಾರ್ಡು ಬರೆದ:

“ನಿಮ್ಮ ಆಶೀರ್ವಾದದಿಂದ ನಮ್ಮ ಮನೆಗೆ ನಲ್ಲಿ ಬಂದಿದೆ. ಅಡುಗೆಮನೆಯಲ್ಲಿ ಒಂದು, ಬಚ್ಚಲಲ್ಲಿ ಒಂದು. ಬಚ್ಚಲಿನದನ್ನು ಮಗುವಿಗೆಂದೇ ತಗ್ಗಿನಲ್ಲಿ ಬಿಡಿಸಿದ್ದೇನೆ. ಇದಕ್ಕಾಗಿ ಸೈಕಲ್ಲು, ಗಡಿಯಾರ ಎರಡನ್ನೂ ಮಾರಿದ್ದೇನೆ. ಬೀದಿಯವರ ಸಂತೋಷ ಹೇಳತೀರದು. ಭಾನುವಾರ ಸಾಯಂಕಾಲ ಐದಕ್ಕೆ ನಲ್ಲಿಗೆ ಪೂಜೆ. ಲಕ್ಷ್ಮಿಯನ್ನೂ ಮಗುವನ್ನೂ ಕರೆದುಕೊಂಡು ತಪ್ಪದೆ ಬರಬೇಕು.”

ಕೊಂಡಪ್ಪ ಇದನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದ. ಮುಗಿಸಿ, ತಿರುಗಿಸಿ ವಿಳಾಸ ನೋಡಿದ. ವಿಳಾಸ ಸರಿಯಾಗಿತ್ತು.

“ನಲ್ಲಿಕಿ ಪೂಜಾ?” ಎಂದು ಅವನು ಯಾರನ್ನೂ ನೋಡದೆ ಕೇಳಿದ.

ಅಳಿಯನಿಗೆ ತಲೆ ಕೆಟ್ಟಿದೆ, ಅದರಲ್ಲಿ ಅನುಮಾನವಿಲ್ಲ, ಒಬ್ಬನೇ ಇದ್ದರೆ ಹೀಗಾಗುತ್ತದೆ, ತಾನು ಹೋಗಿ ನೋಡಿಕೊಂಡು ಬರುತ್ತೇನೆ, ಮಗಳು ಮತ್ತು ಕೂಸು ಇನ್ನು ಇಲ್ಲೇ ಎಂದು ತೀರ್ಮಾನ ಕೊಟ್ಟ. ಆದಿಲಕ್ಷ್ಮಿ ಅದನ್ನೆಲ್ಲ ಕೇಳಿದಳು. ಗಂಡನಿಗೆ ತಲೆ ಕೆಟ್ಟಿದೆಯೆಂದು ಅವಳು ನಂಬಲಿಲ್ಲ. ತಿಗಣೆ ಬಿದ್ದರೂ ಅದನ್ನು ಜಂಬವಾಗಿ ಹೇಳಿಕೊಳ್ಳುವ ಗಂಡಸು ಅವನು ಎಂಬುದನ್ನು ಎರಡು ವರ್ಷದ ಸಂಸಾರದಲ್ಲಿ ಕಂಡಿದ್ದಳು. ತಾನೂ ಬರುತ್ತೇನೆ, ಬಾಗಿಲಾಚೆ ನಿಂತು ನೋಡಿ ಕೊನೆಯ ಬಸ್ಸಿಗೆ ವಾಪಸಾಗೋಣ ಎಂದಳು.

ಭಾನುವಾರ ನಾಲ್ಕೂವರೆಗೆ ಮೂವರೂ ಬಂದಿಳಿದರು. ಕ್ಯಾಸಂಬಳ್ಳಿ ಕಡೆಯ ಕೊನೆಯ ಬಸ್ಸು ಐದೂವರೆಗೆ. ಆದಿಲಕ್ಷ್ಮಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿಯ ಆಚೆ ಬದಿಯಲ್ಲೇ ನಿಂತಳು. ಕೊಂಡಪ್ಪ ಹೊಸಿಲವರೆಗೆ ಬಂದು, ಕೋದಂಡಪ್ಪ ಕಾಲಿಗೆ ಬೀಳಲು ಬಗ್ಗಿದ್ದೇ ತಡ, ಅವನ ಕೈ ಹಿಡಿದು ಒಂದು ತಾಯತ ಕಟ್ಟಿಬಿಟ್ಟ. ಬುದ್ಧಿ ಭ್ರಮಣೆಗೆಂದು ಮಂತ್ರಿಸಿ ತಂದದ್ದು. ಪೂಜೆಗೆ ಮಾವ ಕಂಕಣ ಕಟ್ಟಿದರೆಂದು ಕೋದಂಡಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡ.

“ಎಷ್ಟವೆ ಅಳಿಯಂದ್ರೇ?” ಕೊಂಡಪ್ಪ ಮೆತ್ತಗೆ ಕೇಳಿದ. ಹುಚ್ಚರ ಹತ್ತಿರ ಮೆತ್ತಗೆ ಮಾತಾಡಬೇಕೆಂದು ಅವನಿಗೆ ಯಾರೋ ಹೇಳಿದ್ದರು.

“ಸದ್ಯಕ್ಕೆ ಎರಡು, ಮಾವ.”

“ಎರಡೇನಾ?”

“ದುಡ್ಡು ಸಾಲಲಿಲ್ಲ. ಬರೋ ವರ್ಷ ಹಿತ್ತಿಲಿಗೂ ಒಂದು ಬಿಡಿಸ್ತೀನಿ.”

“ಎರಡೇ ಆದ್ರೆ ಉಗುರಲ್ಲಿ ಒತ್ತಿದ್ರೆ ಮುಗೀತಲ್ಲಪ್ಪ.”

“ಒತ್ತೋದಲ್ಲ ಮಾವ,” ಎಂದ ಕೋದಂಡಪ್ಪ ತಾಳ್ಮೆಯಿಂದ. “ತಿರುಗಿಸಬೇಕು.”

ಕೊಂಡಪ್ಪ ಬೀದಿಯ ಆಚೆ ನಿಂತ ಮಗಳ ಕಡೆ ತಿರುಗಿ ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಕದಿರಮ್ಮ ಬಂದಳು. ಅವಳ ಹಿಂದೆ ಸೊಳ್ಳೆ ಮದ್ದು ಹೊಡೆಯುವ ಬಚ್ಚಪ್ಪ, ಹೆಗಲ ಮೇಲೆ ಪಂಪು, ಮೂಗಿಗೆ ಬಟ್ಟೆ. ಅವರ ಹಿಂದೆ ಕುದಿಯುವ ನೀರಿನ ಚೊಂಬು ಹಿಡಿದ ಏಳೆಂಟು ಹೆಂಗಸರು. ಪೂಜೆಗೆ ಇಷ್ಟು ಜನ ಬಂದರಲ್ಲ ಎಂದು ಕೋದಂಡಪ್ಪ ಎಲ್ಲರನ್ನೂ ಒಳಗೆ ಕರೆದ. ಬಚ್ಚಪ್ಪ ಬಾಗಿಲ ಚೌಕಟ್ಟಿನಿಂದಲೇ ಶುರುಮಾಡಿದ. ಬಿಳಿಯ ಹೊಗೆಯಂಥ ತುಂತುರು ಎದ್ದಿತು. ಹಿತ್ತಿಲಿಂದ ಓಡಿ ಬಂದ ಆರುಮುಗಂ ಪಂಪು ಕಂಡು, ತನ್ನ ಕೆಲಸಕ್ಕೆ ಯಾವನೋ ಪೈಪೋಟಿಗೆ ಬಂದಿದ್ದಾನೆಂದು ತಿಳಿದ.

“ಯಾರಪ್ಪ ನೀನು? ನಮ್ಮ ಲೈನ್ ಮೇಲೆ ಬೇರೆ ಪಂಪು ಕೂಡಾದು.”

ತಾನು ಲೈನು ನೋಡಿ ಹೊಡೆಯುವುದಿಲ್ಲ, ಸಂದು ನೋಡಿ ಹೊಡೆಯುತ್ತೇನೆ ಎಂದ ಬಚ್ಚಪ್ಪ. ನಾಲ್ಕು ವಾಲ್ವಿನ ಲೈನಿನಲ್ಲಿ ಸಂದು ಎಲ್ಲಿದೆ ತೋರಿಸು ಎಂದು ಆರುಮುಗಂ ಸ್ಪ್ಯಾನರು ಎತ್ತಿದ. ಕದಿರಮ್ಮ ಇಬ್ಬರ ನಡುವೆ ತೂರಿ, ಮೊದಲು ಎಲ್ಲಿವೆ ತೋರಿಸಿ, ಹೊಡೆದಾಟ ಆಮೇಲೆ ಎಂದಳು. ಹಾಗೆ ಎಲ್ಲರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಅಡುಗೆಮನೆಗೆ ನುಗ್ಗಿದರು.

ಗೋಡೆಯಲ್ಲಿ ಹಿತ್ತಾಳೆಯ ಕೊಳಾಯಿ ಹೊಳೆಯುತ್ತಿತ್ತು. ಅದಕ್ಕೆ ಅರಿಶಿನ, ಕುಂಕುಮ, ಒಂದು ಮೊಳ ಕನಕಾಂಬರ.

ಕೊಂಡಪ್ಪ ಗೋಡೆ ನೋಡಿದ, ಸೂರು ನೋಡಿದ, ಮೂಲೆಯ ಚಾಪೆಯನ್ನು ಕಾಲಲ್ಲಿ ಎತ್ತಿ ನೋಡಿದ.

“ಕೊಳಾಯಿ ಐತೆ, ಸರಿ. ನಲ್ಲಿ ಎಲ್ಲಿ?”

ಕೋದಂಡಪ್ಪ ಕೊಳಾಯಿಯ ಮೇಲೆ ಕೈಯಿಟ್ಟ. “ಇದೇ ಮಾವ.”

ಅಡುಗೆಮನೆಯಲ್ಲಿ ಹದಿಮೂರು ಜನರಿದ್ದರು. ಬಚ್ಚಪ್ಪನ ಪಂಪಿನ ತುದಿಯಿಂದ ಒಂದು ಹನಿ ಕೆಳಗೆ ಬಿದ್ದದ್ದು ಕೇಳಿಸಿತು. ಆ ಮಾತಿನ ಅರ್ಥ ಒಬ್ಬೊಬ್ಬರ ಮುಖಕ್ಕೆ ಒಂದೊಂದು ಹೊತ್ತಿಗೆ ತಲುಪಿತು: ಮೊದಲು ಕೊಂಡಪ್ಪನಿಗೆ, ಆಮೇಲೆ ಹೆಂಗಸರಿಗೆ, ಕದಿರಮ್ಮನಿಗೆ ಕೊನೆಯಲ್ಲಿ. ಆರು ದಿನದಿಂದ ನೆಲದ ಮೇಲೆ ಮಲಗಿದ್ದ ಅವಳು ಕೋದಂಡಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅದನ್ನ ಕೊಳಾಯಿ ಅನ್ನಕ್ಕೆ ನಿನಗೇನು ಬಾಯಿಗೆ ಉಣ್ಣು ಬಂದಿತ್ತೇನ್ಲಾ?”

ಆದರೆ ಕೊಂಡಪ್ಪ ಸುಲಭಕ್ಕೆ ಬಿಡುವವನಲ್ಲ. ಹುಚ್ಚನಲ್ಲದ ಅಳಿಯನ ಹತ್ತಿರ ಮೆತ್ತಗೆ ಮಾತಾಡಬೇಕಾದ ಅಗತ್ಯ ಅವನಿಗೆ ಇನ್ನಿರಲಿಲ್ಲ. ಹಿತ್ತಾಳೆಗೆ ಕುಂಕುಮ ಹಚ್ಚಿದ್ದು ನೋಡಿದ್ದಾಯಿತು, ತನ್ನ ಮಗಳು ಕೇಳಿದ್ದು ನೀರು, ಅದು ಎಲ್ಲಿ ಎಂದ. ಕೋದಂಡಪ್ಪ ದೇವರನ್ನು ನೆನೆದು ಕೊಳಾಯಿ ತಿರುಗಿಸಿದ.

ಏನೂ ಬರಲಿಲ್ಲ.

ಇನ್ನಷ್ಟು ತಿರುಗಿಸಿದ. ಐದು ಆಗಿ ಹತ್ತು ನಿಮಿಷವಾಗಿತ್ತು. ಹಿಂದಿನ ಸಂದಿಯ ದೊಡ್ಡ ಪೈಪಿನಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು, ಅಂದರೆ ಊರಿಗೆ ನೀರು ಬಂದಿತ್ತು, ಮನೆಗೆ ಬಂದಿರಲಿಲ್ಲ. ಆರುಮುಗಂ ಹಿತ್ತಿಲಿಗೆ ಓಡಿ ಮೊದಲನೆಯ ವಾಲ್ವು ತಿರುಗಿಸಿದ. ಕೋದಂಡಪ್ಪ ಅವನ ಹಿಂದೆ ಓಡಿದ. ಇಡೀ ಬೀದಿ ಇಬ್ಬರ ಹಿಂದೆ ಓಡಿತು. ಎರಡನೆಯದನ್ನು ತಿರುಗಿಸಿದ. ಮೂರನೆಯದು ತೆರೆದಿದೆಯೋ ಮುಚ್ಚಿದೆಯೋ ಅವನಿಗೇ ಮರೆತಿತ್ತು. ತೆರೆದದ್ದನ್ನು ಮುಚ್ಚಿ, ಮುಚ್ಚಿದ್ದನ್ನು ತೆರೆದು, ಇನ್ನೊಮ್ಮೆ ಮೊದಲನೆಯದಕ್ಕೆ ಬಂದ. ಬಚ್ಚಪ್ಪ ಪಂಪು ಕೆಳಗಿಟ್ಟು ನಾಲ್ಕನೆಯದಕ್ಕೆ ಕೈ ಹಾಕಿದ. ಕದಿರಮ್ಮ, ಇಂಗಲ್ಲ ಅಂಗೆ ತಿರುಗಿಸು ಎಂದು ಇಬ್ಬರಿಗೂ ಹೇಳಿಕೊಟ್ಟಳು. ಐದೂ ಇಪ್ಪತ್ತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ನು ಕೇಳಿಸಿತು. ಕೊಂಡಪ್ಪ ಹೊಸಿಲು ದಾಟಿ ಹೊರಗೆ ಹೋಗಿ, ಮಗಳಿಗೆ ಚೀಲ ಎತ್ತಿಕೋ ಎಂದ.

ಅದು ಕೋದಂಡಪ್ಪನಿಗೆ ಕೇಳಿಸಿತು. ಅವನು ಆರುಮುಗಂನ ಕೈ ಹಿಡಿದುಕೊಂಡ.

ಆರುಮುಗಂ ಎದ್ದು ನಿಂತ. ಎಲ್ಲರನ್ನೂ ಹಿಂದಕ್ಕೆ ಸರಿಸಿದ. ಗಣಿಯಲ್ಲಿ ಕೆಳಗಿನವರಿಗೆ ಮೇಲಿನವರು ಕೊಡುವ ಸನ್ನೆಯ ಹಾಗೆ ಸ್ಪ್ಯಾನರಿನಿಂದ ಪೈಪಿಗೆ ಮೂರು ಏಟು ಹೊಡೆದು, ಕಿವಿಗೊಟ್ಟು ಕೇಳಿ, ನಾಲ್ಕನೆಯ ವಾಲ್ವನ್ನು ಎರಡೂ ಕೈಯಿಂದ ಹಿಡಿದು ಎದುರು ದಿಕ್ಕಿಗೆ ತಿರುಚಿದ.

ಅಡುಗೆಮನೆಯ ಕೊಳಾಯಿ ಕೆಮ್ಮಿತು. ಉಸ್ಸೆಂದು ಗಾಳಿ ಬಿಟ್ಟು ಕನಕಾಂಬರವನ್ನು ಒಲೆಯವರೆಗೆ ಹಾರಿಸಿತು. ಕೆಂಪು ಮಣ್ಣಿನ ನೀರು ನಾಲ್ಕು ಸಲ ಉಗುಳಿ, ಸ್ವಲ್ಪ ತಡೆದು, ಆಮೇಲೆ ಭೋರೆಂಬ ಸದ್ದಿನೊಡನೆ ಬೆಳ್ಳಗೆ ಸುರಿಯತೊಡಗಿತು. ಹೆಂಗಸರು ಚೊಂಬಿನ ಬಿಸಿನೀರನ್ನು ಅಂಗಳಕ್ಕೆ ಚೆಲ್ಲಿ ಅದಕ್ಕೆ ಹಿಡಿದರು. ಬಚ್ಚಪ್ಪ ಮುಖ ತೊಳೆದುಕೊಂಡ. ಕದಿರಮ್ಮ ಬಾಯಿ ಮುಕ್ಕಳಿಸಿ, ಸಪ್ಪಗಿದೆ ಎಂದಳು, ಇನ್ನೊಂದು ಬೊಗಸೆ ಕುಡಿದಳು.

ಜನ ಬಿಟ್ಟ ದಾರಿಯಲ್ಲಿ ಆದಿಲಕ್ಷ್ಮಿ ಒಳಗೆ ಬಂದಳು. ನೀರಿನ ಕೆಳಗೆ ಕೈಯಿಟ್ಟಳು. ಅದು ನಿಲ್ಲುತ್ತದೆಯೋ ಎಂದು ಕಾಯುವವಳ ಹಾಗೆ ಹಾಗೇ ಇಟ್ಟುಕೊಂಡಿದ್ದಳು. ನಿಲ್ಲಲಿಲ್ಲ.

ಬಾಗಿಲಿಂದ ಕೊಂಡಪ್ಪ, ಬಸ್ಸು ಹೊರಟಿತು, ನೋಡಿದ್ದಾಯಿತಲ್ಲ ಬಾ, ಬರುವ ತಿಂಗಳು ದಿನ ಚೆನ್ನಾಗಿದೆ, ಶಾಸ್ತ್ರವಾಗಿ ಕಳಿಸುತ್ತೇನೆ ಎಂದ.

“ಆರು ಗಂಟೆಗೆ ನೀರು ನಿಂತೋಗ್ತದಂತೆ ನಾಯನಾ,” ಎಂದಳು ಆದಿಲಕ್ಷ್ಮಿ, ಕೈ ತೆಗೆಯದೆ. “ನೀವು ಓಗಿ. ಕೂಸಿನ ಬಟ್ಟೆ ಒಗೀಬೇಕು.”

ಮಗುವನ್ನು ಕೊಂಡಪ್ಪನ ಹೆಗಲಿಗೆ ಹಾಕಿ ಸೀರೆ ಎತ್ತಿ ಕಟ್ಟಿದಳು. ಗಂಡನ ಕಡೆ ಮೊದಲ ಸಲ ತಿರುಗಿದಳು. ಕೋದಂಡಪ್ಪ ಎಂಬತ್ತೇಳು ರೂಪಾಯಿಯ ಬಗ್ಗೆ, ನಾಲ್ಕು ವಾಲ್ವಿನ ಬಗ್ಗೆ, ಬೆಂಗಳೂರಿನ ಬಗ್ಗೆ ಹೇಳಲು ಮಾತು ಸಿದ್ಧಮಾಡಿಕೊಂಡು ನಿಂತಿದ್ದ.

“ಸೋಪು ಎಲ್ಲಿ?” ಎಂದಳು ಅವಳು.

ಸೋಪು ಇರಲಿಲ್ಲ. ಕೋದಂಡಪ್ಪ ಬರಿಗಾಲಲ್ಲೇ ಓಡಿದ. ಮೂಲೆಯ ಅಂಗಡಿಯ ಸೊಣ್ಣಪ್ಪ ಅವನು ಏದುಸಿರು ಬಿಡುವುದನ್ನು ನೋಡಿ, ಸೋಪಿನ ಜೊ‍ತೆಗೆ ಕೆಳಗಿನಿಂದ ಒಂದು ಮದ್ದಿನ ಪೊಟ್ಟಣ ತೆಗೆದು ಮರುಕದಿಂದ ಮುಂದಿಟ್ಟ.

“ನಲ್ಲಿ ಮಂದು. ಬೀದಿಯೋರೆಲ್ಲ ತಗೊಂಡೋದ್ರು. ನಿಮಗೇಂತ ಒಂದು ಎತ್ತಿಟ್ಟಿದ್ದೆ.”

ಕೋದಂಡಪ್ಪ ಬಾಯಿ ತೆರೆದ. ಹೇಳುವುದು ಬಹಳ ಇತ್ತು. ಕನ್ನಡದಲ್ಲಿ ಹಾಗಂದರೇನು, ತೆಲುಗಿನಲ್ಲಿ ಹಾಗಂದರೇನು, ತಪ್ಪು ಯಾರದ್ದು, ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಮನೆಯವರು ಏನೆನ್ನುತ್ತಾರೆ. ಅಂಗಡಿಯ ಗಡಿಯಾರದಲ್ಲಿ ಐದೂ ಮುಕ್ಕಾಲು.

ಅವನು ಬಾಯಿ ಮುಚ್ಚಿದ. ಎರಡಕ್ಕೂ ದುಡ್ಡು ಕೊಟ್ಟ. ಓಡಿದ.